ನಿಂಬೆ ಊರಿನವನ ಗಂಟಲು

ಚಿತ್ತಿ ಮಳೆ ಹಿಂದೆ ಸರಿದು ಬಿಸಿಲು ಚುರುಗುಟ್ಟತೊಡಗಿದ ವಾರ. ಬೆಳಗಿನ ಲಿಲಾವು, ನಿಂಬೆಯ ಹರಾಜು, ನಡೆದಿತ್ತು. ಹೊಸ ರಾಶಿಯ ಮುಂದೆ ನಿಂತು ದರ ಕೂಗಲು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಕೆಮ್ಮಿ, ಉಗುಳು ನುಂಗಿ, ಮತ್ತೆ ಕೂಗಿದೆ. ಎಣ್ಣೆ ಕಾಣದ ಬಾಗಿಲು ಕಿರ್ರೆಂದ ಹಾಗೆ ಏನೋ ಹೊರಬಿತ್ತು. ಸುತ್ತಲಿನ ಖರೀದಿದಾರರು ನಕ್ಕರು. "ಏನ್ ಮಲ್ಲಣ್ಣಾ, ರಾತ್ರಿ ಯಾರ ಕೂಡ ಜಗಳಾಡಿ ಬಂದಿ?" ಎಂದು ಒಬ್ಬ ಕೇಳಿದ. ನಾನೂ ನಕ್ಕೆ. ಅಂದು ಉಳಿದ ರಾಶಿಗಳನ್ನು ನನ್ನ ತಮ್ಮ ಸಿದ್ದು ಕೂಗಿದ.

ನಾನು ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆ ಮಾರುಕಟ್ಟೆಯಲ್ಲಿ ಲಿಲಾವು ಕೂಗುವವನು. ಸುತ್ತಲಿನ ಹಳ್ಳಿಗಳ ರೈತರು ಚೀಲ ತಂದು ಸುರಿಯುತ್ತಾರೆ, ಸೋಲಾಪುರ, ಹೈದರಾಬಾದ್ ಕಡೆಯ ಖರೀದಿದಾರರು ರಾಶಿಯ ಸುತ್ತ ನಿಲ್ಲುತ್ತಾರೆ, ನಾನು ನಡುವೆ ನಿಂತು ದರ ಏರಿಸುತ್ತ ಹೋಗುತ್ತೇನೆ. ಹಮಾಲರ ಗದ್ದಲ, ಟಂಟಂ ಗಾಡಿಗಳ ಹಾರ್ನು, ಚಹಾ ಮಾರುವವರ ಕೂಗು, ಎಲ್ಲದರ ಮೇಲೆ ನನ್ನ ದನಿ ಕೇಳಿಸಬೇಕು. ಕೇಳಿಸುತ್ತಿತ್ತು. ಮೈಕ್ ಇಟ್ಟುಕೋ ಅಂದವರಿಗೆ, ಅದು ಗಂಟಲಿಲ್ಲದವರಿಗೆ ಬೇಕಾಗುವ ಸಾಮಾನು ಎಂದು ಬೈದು ಕಳಿಸಿದ್ದೆ. ಇಷ್ಟು ಜಂಬದ ಮನುಷ್ಯನಲ್ಲಿ ದೇವರು ಸರಿಯಾದ ಜಾಗಕ್ಕೇ ಕೈ ಹಾಕಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಟಲು ಹಿಡಿಯುವುದು ನನಗೆ ಹೊಸದಲ್ಲ. ಪ್ರತಿವರ್ಷದ್ದೇ. ಹವಾ ಬದಲಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಿದ್ದೆವು. ಅದಕ್ಕೆ ಔಷಧವೂ ಮನೆಯಲ್ಲೇ ಇತ್ತು. ಇಂಡಿಯಲ್ಲಿ ಹುಟ್ಟಿದವನು ನಿಂಬೆಹಣ್ಣನ್ನು ತಿನ್ನುವ ಪದಾರ್ಥದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ವಾಂತಿಯಾದರೆ ನಿಂಬೆ, ನೆಗಡಿಗೆ ನಿಂಬೆ, ಹೊಟ್ಟೆ ಉಬ್ಬಿದರೆ ನಿಂಬೆ, ಕೆಟ್ಟ ದೃಷ್ಟಿಗೂ ನಿಂಬೆ. ನಾನು ಎದ್ದ ಕೂಡಲೇ ಬಿಸಿನೀರಿಗೆ ಎರಡು ಹಣ್ಣು ಹಿಂಡಿ, ಜೇನು ಹಾಕಿ ಕುಡಿಯುತ್ತಿದ್ದೆ. ಅದರ ಬೆನ್ನಿಗೇ ಮೊಬೈಲಿನ ವಿಡಿಯೋ ಮುಂದಿಟ್ಟುಕೊಂಡು ಕಪಾಲಭಾತಿ. ನನ್ನ ಹೊಟ್ಟೆ ಒಳಗೆ ಹೊರಗೆ ಬಡಿದುಕೊಳ್ಳುವುದನ್ನು ನೋಡಿ ಹೆಂಡತಿ ಸುವರ್ಣಾ, "ತಿದಿ ಒತ್ತಾಕತ್ತೀರೇನ್ರಿ? ಕಬ್ಬಿಣ ತರ್ಲೇನು?" ಅನ್ನುತ್ತಿದ್ದಳು. ಅವಳದು ಅಜ್ಞಾನ ಎಂದುಕೊಂಡು ಇನ್ನೂ ಜೋರಾಗಿ ಒತ್ತುತ್ತಿದ್ದೆ.

ಈ ಸಲ ಗಂಟಲು ಕಟ್ಟಿದಾಗ ಎರಡು ಹಣ್ಣು ಮೂರಾದವು. ಲಿಲಾವಿನ ನಡುವೆ ಹೋಳು ಮಾಡಿ ಉಪ್ಪು ಹಚ್ಚಿ ಚೀಪಿದೆ. ಮಾರುಕಟ್ಟೆಯಲ್ಲಿ ಎದುರಾದವರೆಲ್ಲ ಅದನ್ನೇ ಹೇಳಿದರು, ಕೆಲವರು ತಮ್ಮ ರಾಶಿಯಿಂದಲೇ ಒಳ್ಳೆಯ ಹಣ್ಣು ಆರಿಸಿ ಕೈಗಿಟ್ಟರು. ದನಿ ಮಾತ್ರ ದಿನದಿನಕ್ಕೆ ಇಳಿಯಿತು.

ದೀಪಾವಳಿ ಹೋಯಿತು. ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಕೂದಲು ಸಿಕ್ಕಿಕೊಂಡ ಹಾಗೆ. ನುಂಗಿದರೆ ಹೋಗದು, ಕೆಮ್ಮಿದರೆ ಬಾರದು. ಮಗಳು ಬಸವನ ಬಾಗೇವಾಡಿಯ ಸೊಸೆ. ಫೋನಿನಲ್ಲಿ ನನ್ನ ದನಿ ಕೇಳಿ, "ಯಾರು ಮಾತಾಡೋದು?" ಅಂದಳು. ಅವತ್ತು ಹೆದರಿದೆ. ಮರುದಿನವೇ ವಿಜಯಪುರಕ್ಕೆ ಹೊರಟೆವು.

ಇಎನ್‌ಟಿ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಸ್ಕೋಪಿ ಮಾಡಿದರು. ಪರದೆಯ ಮೇಲೆ ನನ್ನ ಗಂಟಲನ್ನು ನಾನೇ ನೋಡಿದೆ. ದನಿ ಹೊರಡಿಸುವ ಎರಡು ಪಟ್ಟಿಗಳು ಬೆಳ್ಳಗಿರಬೇಕಂತೆ. ನನ್ನವು ಕೆಂಪಗೆ ಊದಿಕೊಂಡಿದ್ದವು. ಒಂದರ ಅಂಚಿನಲ್ಲಿ ಚಿಕ್ಕದೊಂದು ಗಂಟು.

"ಹೊಟ್ಟ್ಯಾಗಿನ ಆ್ಯಸಿಡ್ ಗಂಟಲತನಕಾ ಬರಾಕತ್ತೈತಿ," ಎಂದರು ಡಾಕ್ಟರು. "ಅದರ ಮ್ಯಾಲ ನೀವು ದಿನಾ ಕೂಗ್ತೀರಿ. ಗಂಟೂ ಅದರಿಂದನ ಆಗಿರಬಹುದು. ಗುಳಿಗಿ ಕೊಡ್ತೇನಿ. ಮಾತು ಪೂರ್ತಿ ಬಂದ್. ಮತ್ತ ನೋಡೂಣು, ಕಡಿಮಿ ಆಗಲಿಲ್ಲಂದ್ರ ಬಯಾಪ್ಸಿ ಮಾಡೂಣು."

ಬಯಾಪ್ಸಿ.

ಆ ಶಬ್ದದ ಅರ್ಥ ಸುವರ್ಣಾಳಿಗೂ ಗೊತ್ತಿತ್ತು. ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಕ್ಯಾನ್ಸರ್ ಏನ್ರಿ ಸಾಹೇಬ್ರ?" ಎಂದು ಕೇಳಿಯೇ ಬಿಟ್ಟಳು. "ಹಂಗ ನಾ ಅಂದಿಲ್ಲವಾ. ನೋಡಬೇಕು ಅಂದೇನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಖಾರ, ಹುಳಿ, ಚಹಾ ಹೆಚ್ಚೇನು ಎಂದು ವಿಚಾರಿಸಿದರು. "ಇಲ್ರಿ ಸರ್, ಎಲ್ಲಾ ಹಿತಮಿತ. ಮುಂಜಾನೆ ಯೋಗಾ ಮಾಡ್ತೇನಿ," ಎಂದೆ ಕಿರ್ರೆನ್ನುವ ದನಿಯಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ. ಹುಳಿ ಬಿಡಬೇಕು ಎಂದರು. ಅಂದಿನಿಂದಲೇ ಸಾರಿಗೆ ಹುಣಸೆ ಹಾಕುವುದನ್ನು ಬಿಡಿಸಿದೆ, ಮೊಸರು ಬಿಟ್ಟೆ. ನಿಂಬೆ ಬಿಡಬೇಕೆಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಔಷಧವನ್ನು ಯಾರಾದರೂ ಬಿಡುತ್ತಾರೆಯೇ?

ಮಾತು ಬಂದ್ ಅಂದರೆ ಪಿಸುಮಾತೂ ಬಂದ್. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಪೆಟ್ಟಂತೆ. ಸಿಟ್ಟಿನ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರು ಅಂದರೆ ಹೇಗಿರುತ್ತದೆ, ಅನುಭವಿಸಿದವನಿಗೇ ಗೊತ್ತು. ಬೀದಿಯಲ್ಲಿ ಯಾರೋ ನಮ್ಮ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸಿ ಹೋದರೆ ಕೈ ಹಿಸುಕಿಕೊಂಡು ನಿಲ್ಲಬೇಕು. ಮೊಬೈಲಿನಲ್ಲಿ ಬರೆದು ತೋರಿಸಿದರೆ, "ಕನ್ನಡಕ ಎಲ್ಲೈತೋ ಏನೋ, ಆಮ್ಯಾಲ ನೋಡ್ತೇನಿ," ಅನ್ನುತ್ತಿದ್ದಳು ಸುವರ್ಣಾ. ಆಮೇಲೆ ನೋಡುವ ಹೊತ್ತಿಗೆ ನನ್ನ ಸಿಟ್ಟು ಇಳಿದಿರುತ್ತಿತ್ತು. ಅವಳಿಗೆ ಅದೇ ಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ.

ಸುವರ್ಣಾ ನಾಲತವಾಡದವಳು. ಅವಳ ಅಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಆ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಪ್ಪನ ಜೊತೆ ಸಂತೆಗೆ ಹೋಗಿ ಹೋಗಿ ಅವಳಿಗೆ ಅದೆಲ್ಲ ಪಾಠವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ನನ್ನ ಕೈಯ ಮೇಲೆ ಸೆರಗು ಹಾಕಿ, "ಬಾಯಿ ವ್ಯಾಪಾರ ಬಂದ್ ಆತು, ಇನ್ನ ಕೈ ವ್ಯಾಪಾರ ಮಾಡೂಣ ಬರ್ರಿ. ಎಷ್ಟ್ ರೊಟ್ಟಿ?" ಎಂದಳು. ನಾನು ಮೂರು ಬೆರಳು ಒತ್ತಿದೆ. ಅವಳು ಎರಡು ಒತ್ತಿದಳು. ಕೊನೆಗೆ ಎರಡೂವರೆಗೆ ವ್ಯಾಪಾರ ಕುದುರಿತು. ಮಿರ್ಚಿ ಭಜಿಗೆಂದು ನಾನು ನಾಲ್ಕು ಬೆರಳು ಹಿಡಿದರೆ ಒಂದನ್ನೂ ಒತ್ತದೆ ಕೈ ಬಿಡಿಸಿಕೊಂಡು ಎದ್ದು ಹೋಗುತ್ತಿದ್ದಳು. ವ್ಯಾಪಾರ ಮುರಿಯುತ್ತಿತ್ತು.

ಒಂದು ಸಂಜೆ ಅವಳು ಸೆರಗಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು, ಯಾವ ಬೆರಳೂ ಒತ್ತಲಿಲ್ಲ. ನಾನೂ ಒತ್ತಲಿಲ್ಲ. ಇಬ್ಬರಿಗೂ ಹೆದರಿಕೆಯಿತ್ತು. ಆ ಗಂಟಿನ ಬಗ್ಗೆ ಇಬ್ಬರೂ ಯೋಚಿಸುತ್ತಿದ್ದೆವು.

ತಡೆಯಲಾರದೆ ಒಂದು ಬೆಳಿಗ್ಗೆ ಮಾರುಕಟ್ಟೆಯ ಕಡೆ ಹೋದೆ. ಒಳಗೆ ಹೋಗಲಿಲ್ಲ, ಗೇಟಿನ ಹತ್ತಿರದ ಚಹಾದಂಗಡಿಯ ಮರೆಯಲ್ಲಿ ನಿಂತೆ. ಸಿದ್ದು ಕೂಗುತ್ತಿದ್ದ. ಅವನದು ನನ್ನಷ್ಟು ದೊಡ್ಡ ಗಂಟಲಲ್ಲ, ನಡುನಡುವೆ ತಡವರಿಸುತ್ತಿದ್ದ. ಆದರೂ ರಾಶಿಗಳು ಹೋಗುತ್ತಿದ್ದವು. ದರ ಏರುತ್ತಿತ್ತು. ಹಮಾಲರು ಚೀಲ ಹೊರುತ್ತಿದ್ದರು. ನಾನಿಲ್ಲದೆ ಏನೂ ನಿಂತಿರಲಿಲ್ಲ. ಗಂಟಲಿಗಿಂತ ಅದು ಹೆಚ್ಚು ನೋಯಿಸಿತು. ದನಿ ಹೋದರೆ ನಾನು ಯಾರು ಎಂದು ಕೇಳಿಕೊಳ್ಳುತ್ತ ಮನೆಗೆ ಬಂದೆ, ಬಂದವನೇ ಗಂಟಲು ಬೇಗ ಸುಧಾರಿಸಲೆಂದು ಒಂದು ಲೋಟ ನಿಂಬೆನೀರು ಕುಡಿದೆ.

ಗುಳಿಗೆ ತಪ್ಪಿಸುತ್ತಿರಲಿಲ್ಲ. ಆದರೂ ಎದೆಯಿಂದ ಗಂಟಲವರೆಗೆ ಉರಿ ಹಾಗೇ ಇತ್ತು. ಮತ್ತೆ ಸ್ಕೋಪಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಮಗಳು ಫೋನಿನಲ್ಲಿ ಅವ್ವನಿಗೆ ಹೇಳಿದಳು, "ಸಿಂದಗ್ಯಾಗ ಒಬ್ಬರು ಆಯುರ್ವೇದದ ಡಾಕ್ಟರ್ ಮೇಡಂ ಅದಾರ. ನಮ್ಮ ಅತ್ತಿಯವರಿಗೆ ಭಾಳ ಚೊಲೋ ಆತು. ಅಪ್ಪನ್ನ ಕರ್ಕೊಂಡು ಹೋಗು." ನನಗೆ ಮನಸ್ಸಿರಲಿಲ್ಲ. ಇಲ್ಲ ಎಂದು ಹೇಳಲು ದನಿಯೂ ಇರಲಿಲ್ಲ. ಸುವರ್ಣಾ ಬಸ್ಸು ಹತ್ತಿಸಿದಳು.

ಸಿಂದಗಿಯ ಆ ಮೇಡಂ ಮೊದಲು ಸ್ಕೋಪಿಯ ರಿಪೋರ್ಟ್ ಕೇಳಿದರು. ಓದಿ, "ಈ ಗುಳಿಗಿ ಬಿಡಾಂಗಿಲ್ಲ. ಅವರು ಹೇಳಿದ ದಿನಕ್ಕ ಮತ್ತ ಹೋಗಿ ತೋರಸಬೇಕು. ಒಪ್ಪಿದ್ರ ನಾ ನೋಡ್ತೇನಿ," ಎಂದರು. ತಲೆ ಆಡಿಸಿದೆ. ನಾಡಿ ನೋಡಿದರು, ನಾಲಿಗೆ ನೋಡಿದರು, ಬಿಪಿ ನೋಡಿದರು. ಆಮೇಲೆ, ಎದ್ದಾಗಿನಿಂದ ಮಲಗುವವರೆಗೆ ದಿನ ಹೇಗೆ ಹೋಗುತ್ತದೆ ಹೇಳಿ ಎಂದರು.

ನನ್ನ ಬಾಯಿಗೆ ಬೀಗವಿತ್ತು. ಸುವರ್ಣಾ ಹೇಳಿದಳು. ದೂರಲಿಲ್ಲ, ಗಂಡನನ್ನು ಹೊಗಳುವ ಉಮೇದಿನಲ್ಲೇ ಹೇಳಿದಳು. "ಆರೋಗ್ಯದ ಬಗ್ಗೆ ಭಾಳ ಕಾಳಜಿರಿ ಮೇಡಂ. ಎದ್ದ ಕೂಡ್ಲೆ ಬಿಸಿನೀರಾಗ ಲಿಂಬಿಹಣ್ಣು ಹಿಂಡ್ಕೊಂಡು ಕುಡಿತಾರ. ಒಂದಿನಾನೂ ತಪ್ಪಸಂಗಿಲ್ಲ. ಮೊದಲ ಎರಡು ಹಿಂಡತಿದ್ರು, ಗಂಟಲ ಕೆಟ್ಟ ಮ್ಯಾಲ ಮೂರು. ಆ ಮ್ಯಾಲ ಹೊಟ್ಟಿ ಹಾರಸೋ ಯೋಗಾ ಮಾಡ್ತಾರ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಕುಡಿದ ಮ್ಯಾಲ?"

"ಹೌದ್ರಿ, ಕುಡಿದ ಕೂಡ್ಲೆ."

"ಈಗೂ?"

"ಇವತ್ತೂ ಕುಡದ ಬಸ್ ಹತ್ತ್ಯಾರ್ರಿ."

ಮೇಡಂ ಕುರ್ಚಿಗೆ ಒರಗಿ ನಕ್ಕರು. "ಇಂಡಿಯವರೇನು?" ಎಂದರು. ಮೈಯೆಲ್ಲ ಉರಿದುಹೋಯಿತು. ನಿಂಬೆಯನ್ನು ಕೂಗಿ ಮಾರಿ ಮಕ್ಕಳನ್ನು ಸಾಕಿದವನು ನಾನು. ನಮ್ಮ ನಿಂಬೆ ಅಂದರೆ ಏನೆಂದುಕೊಂಡಿದ್ದೀರಿ ಅಂತ ಮೇಜು ಗುದ್ದಿ ಕೇಳಬೇಕೆನಿಸಿತು. ಬಾಯಿ ತೆರೆದೆ. ಸುವರ್ಣಾ ನನ್ನ ಮೊಣಕಾಲು ಒತ್ತಿದಳು. ಮುಚ್ಚಿದೆ. ನನಗೆ ಮಾತು ಇದ್ದಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಏನೂ ತಗೊಳ್ಳುವುದಿಲ್ಲ ಎಂದೇ ಉತ್ತರ ಹೇಳುತ್ತಿದ್ದೆ, ಅದೂ ಸುಳ್ಳು ಹೇಳುತ್ತಿದ್ದೇನೆಂಬ ಗುಮಾನಿಯೇ ಇಲ್ಲದೆ.

"ಸಿಟ್ಟಾಗಬ್ಯಾಡ್ರಿ," ಎಂದರು ಮೇಡಂ. "ಲಿಂಬಿ ಕೆಟ್ಟದ್ದಲ್ಲ. ಈ ಗಂಟಲಕ್ಕ, ಈ ಕಾಲಕ್ಕ ಬ್ಯಾಡ. ಮಳಿಗಾಲದಾಗ ಮೈಯಾಗ ಪಿತ್ತ ಕೂಡತೈತಿ. ಮಳಿ ನಿಂತು ಬಿಸಲ ಬಿದ್ದ ಕೂಡ್ಲೆ ಅದು ಕೆರಳತೈತಿ. ಅದಕ್ಕ ಪ್ರತಿವರ್ಷ ಇದ ಹೊತ್ತಿಗೆ ನಿಮ್ಮ ಗಂಟಲ ಹಿಡಿಯೋದು. ಒಂದು ಋತುವಿನ ಕಡೀ ವಾರ, ಮುಂದಿನ ಋತುವಿನ ಮೊದಲನೇ ವಾರ, ಆಗ ಊಟ, ನಿದ್ದಿ, ಯೋಗ ಎಲ್ಲಾ ಮೆಲ್ಲಕ ಬದಲ ಮಾಡ್ಕೋಬೇಕು. ನೀವು ಉರಿಯೋ ಒಲಿಗೆ ಇನ್ನಷ್ಟು ಕಟಿಗಿ ಇಟ್ಟೀರಿ."

ನಿಂಬೆ ಬಂದ್. ಕಪಾಲಭಾತಿ ಬಂದ್. ಖಾರ, ಕರಿದದ್ದು, ಚಹಾ ಬಂದ್. ಹೆಸರುಬೇಳೆ, ಹಾಗಲಕಾಯಿ, ಪಡವಲಕಾಯಿ, ರೊಟ್ಟಿಯ ಮೇಲೆ ಸ್ವಲ್ಪ ತುಪ್ಪ. ಕತ್ತಲಾಗುವ ಮುಂಚೆ ಊಟ, ಉಂಡ ಕೂಡಲೇ ಮಲಗದೆ ವಜ್ರಾಸನ. ಸಂಜೆ ನಾಲಿಗೆ ಮಡಚಿ ತಣ್ಣನೆಯ ಗಾಳಿ ಎಳೆದುಕೊಳ್ಳುವ ಶೀತಲಿ. ಬಿಪಿ ಸರಿಯಿದೆ ಎಂದು ಜ್ಯೇಷ್ಠಮಧುವಿನ ಪುಡಿ ಕೊಟ್ಟರು, ಅದೂ ಸ್ವಲ್ಪ ಕಾಲಕ್ಕಷ್ಟೇ. ಎಲ್ಲ ಹೇಳಿ, "ಇದರಿಂದ ಗಂಟ ಹೋಗೇ ಹೋಗತೈತಿ ಅಂತ ನಾ ಹೇಳಾಂಗಿಲ್ಲ. ಉರಿ ಕಡಿಮಿ ಆಗತೈತಿ. ಗಂಟಿನ ಮಾತು ಸ್ಕೋಪಿ ಹೇಳಬೇಕು," ಎಂದರು. ಆ ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು.

ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಸುವರ್ಣಾಳ ಕಡೆ ತಿರುಗಲಿಲ್ಲ. ನಿಂಬೆ ನನಗೆ ಮನೆಮಗನಿದ್ದ ಹಾಗೆ, ಊರ ಮುಂದೆ ಅವನ ಮರ್ಯಾದೆ ಕಳೆದವರ ಮೇಲೆ ಬರುವ ಸಿಟ್ಟು ಅದು. "ನಾ ಖರೇನ ಹೇಳೇನಿ," ಎಂದಳು. ಕಿಟಕಿಯ ಆಚೆ ತೊಗರಿ ಹೊಲಗಳು ಹಳದಿ ಹೂವಾಗಿದ್ದವು. ಅವನ್ನೇ ನೋಡುತ್ತ ಕೂತೆ.

ಇಂಡಿಯಲ್ಲಿ ಇದ್ದುಕೊಂಡು ನಿಂಬೆ ಬಿಡುವುದು ಸುಲಭವಲ್ಲ. ಬೆಳಿಗ್ಗೆ ಕೈ ತಾನಾಗಿ ಬುಟ್ಟಿಗೆ ಹೋಗುತ್ತಿತ್ತು. ಸಿದ್ದುವಿನ ಅಂಗಿಯಲ್ಲಿ ಅದರದೇ ವಾಸನೆ. ಸುದ್ದಿ ಹರಡಿ ಮಾರುಕಟ್ಟೆಯವರು ಮನೆಗೇ ಬಂದು ಚೇಷ್ಟೆ ಮಾಡಿದರು. "ಮಲ್ಲಣ್ಣಗ ಲಿಂಬಿ ಹಿಡಸವಲ್ದು ಅಂತ ಹೊರಗಿನ ಮಂದಿಗೆ ಗೊತ್ತಾದ್ರ ನಮ್ಮ ದರಾ ಬೀಳತೈತಿ, ಯಾರ ಮುಂದೂ ಹೇಳಬ್ಯಾಡೋ," ಎಂದ ಒಬ್ಬ. ಬಾಯ್ತುಂಬ ಬೈಯಬೇಕಿತ್ತು. ಸುಮ್ಮನೆ ನಕ್ಕೆ. ನಗುವುದನ್ನು ಯಾವ ಡಾಕ್ಟರೂ ಬಂದ್ ಮಾಡಿರಲಿಲ್ಲ.

ಹಾಗಲಕಾಯಿಗೆ ನಾಲಿಗೆ ಒಗ್ಗಿತು. ಎದೆಯ ಉರಿ ಮೆಲ್ಲನೆ ಇಳಿಯಿತು. ಒಂದು ಬೆಳಿಗ್ಗೆ ಎದ್ದು ಉಗುಳು ನುಂಗಿದಾಗ ಗಂಟಲಲ್ಲಿ ಕೂದಲು ಇರಲಿಲ್ಲ. ನಂಬಿಕೆಯಾಗದೆ ಮತ್ತೆ ಮತ್ತೆ ನುಂಗಿ ನೋಡಿದೆ. ಸುವರ್ಣಾಳಿಗೆ ಕೈಸನ್ನೆಯಿಂದ ಹೇಳಿದೆ. ಅವಳು ದೇವರ ಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಎರಡನೆಯ ಸ್ಕೋಪಿಯ ದಿನ ನಾನು ಪರದೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಡಾಕ್ಟರ ಉಸಿರು ಕೇಳುತ್ತಿತ್ತು.

"ಗಂಟು ಕರಗೈತಿ."

ಸ್ವಲ್ಪ ಕಲೆ ಉಳಿದಿದೆ, ಊತ ಇಳಿದಿದೆ, ಈಗ ಬಯಾಪ್ಸಿ ಬೇಡ, ಆದರೆ ಮತ್ತೆ ಬಂದು ತೋರಿಸಬೇಕು ಎಂದರು. ಸುವರ್ಣಾ ನಿಂಬೆಯ ಕಥೆ ಹೇಳಿದಳು. "ನಾ ಹುಳಿ ಕೇಳಿದ್ನಲ್ಲಪಾ!" ಎಂದು ಡಾಕ್ಟರು ನನ್ನ ಮೇಲೆ ರೇಗಿದರು. "ಲಿಂಬಿ ಅಂತ ಹೆಸರ ಹಿಡದು ಕೇಳಲಿಲ್ರಿ ಸಾಹೇಬ್ರ," ಎಂದಳು ಇವಳು. ಗಂಟು ಗುಳಿಗೆಗೆ ಕರಗಿತೋ, ನಿಂಬೆ ಬಿಟ್ಟಿದ್ದಕ್ಕೋ, ಸುಮ್ಮನಿದ್ದಿದ್ದಕ್ಕೋ ನನಗೆ ತಿಳಿಯದು. ಇಬ್ಬರು ಡಾಕ್ಟರೂ ಮೂರೂ ಸೇರಿ ಅಂದರು. ನಾನು ಜಗಳಾಡಲಿಲ್ಲ.

ಆದರೆ ಇಎನ್‌ಟಿ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದರು. ಮೊದಲಿನ ಹಾಗೆ ಕೂಗುವುದು ಇನ್ನು ಆಗುವುದಿಲ್ಲ. ಮೈಕ್ ಹಿಡಿದು, ಸ್ವಲ್ಪ ಹೊತ್ತು, ಮಾತಾಡುವ ದನಿಯಲ್ಲಿ. ಅದಕ್ಕಿಂತ ಹೆಚ್ಚಿಗೆ ಹೋದರೆ ಗಂಟು ತಿರುಗಿ ಬರುತ್ತದೆ.

ಅವರು ಕಳಿಸಿಕೊಟ್ಟ, ದನಿ ಕಲಿಸುವ ಥೆರಪಿಯವರು ಮೊದಲು ಬಾಯಿ ಮುಚ್ಚಿ ಗುಂಯ್‌ಗುಡುವುದನ್ನು ಹೇಳಿಕೊಟ್ಟರು. ಸಿಂದಗಿಯ ಮೇಡಂ ಅದಕ್ಕೇ ಭ್ರಾಮರಿ ಎಂದರು. ಮೊದಲ ದಿನ ಮನೆಯ ಪಡಸಾಲೆಯಲ್ಲಿ ಕೂತು ಕಿವಿ ಮುಚ್ಚಿಕೊಂಡು ಗುಂಯ್ ಅಂದೆ. ದನಿ ನಡುಗಿತು, ನಿಂತಿತು, ಮತ್ತೆ ಹೊರಟಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಮುಚ್ಚಿದ ಕಿವಿಗೂ ತಿಳಿಯಿತು. ಕಣ್ಣು ತೆರೆದರೆ ಸುವರ್ಣಾ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ.

ಎಳ್ಳ ಅಮಾವಾಸ್ಯೆ ಕಳೆದು, ಚಳಿ ಇಳಿಯುವ ಮುಂಚೆ ಮಾರುಕಟ್ಟೆಗೆ ಹೋದೆ. ಸಿದ್ದು ಮೈಕ್ ತಂದಿಟ್ಟಿದ್ದ. ನಾಚಿಕೆಯಾಯಿತು, ಆದರೂ ಹಿಡಿದೆ. ಮೊದಲ ರಾಶಿಯ ಮುಂದೆ ನಿಂತು ದರ ಹೇಳಿದೆ. ಚಟಕ್ಕೆ ದನಿ ಮೇಲೆ ಹೋಗಲು ನೋಡಿತು, ಗಂಟಲು ಎಳೆದಂತಾಯಿತು. ನಿಲ್ಲಿಸಿದೆ. ನೀರು ಕುಡಿದು, ಮಾತಾಡುವ ದನಿಯಲ್ಲಿ ಮತ್ತೆ ಶುರು ಮಾಡಿದೆ. ರಾಶಿ ಹೋಯಿತು. ಎರಡನೆಯದರ ಮುಂದೆ ನಿಂತಾಗ ಗಂಟಲು ಸಾಕೆಂದಿತು. ಮೈಕನ್ನು ಸಿದ್ದುವಿನ ಕೈಗೆ ಕೊಟ್ಟೆ. ಅವನು ಇಸಿದುಕೊಂಡು ಮುಂದಿನ ದರ ಕೂಗಿದ.

ಮನೆಗೆ ಬಂದಾಗ ಸುವರ್ಣಾ ಕಾಯುತ್ತಿದ್ದಳು.

"ಎಷ್ಟ್ ರಾಶಿ ಆದುವ್ರಿ?"

"ಒಂದ."

"ಒಂದ ಏನು?"

"ಉಳಿದದ್ದು ಸಿದ್ದು ಕೂಗಿದ. ನನ್ನ ಕೈಲೆ ಇನ್ನ ಅಷ್ಟ," ಎಂದೆ. ಸಮಾಧಾನದ ಮಾತು ಹೇಳುತ್ತಾಳೆ ಎಂದುಕೊಂಡೆ.

ಅವಳು ಎದುರಿಗೆ ಬಂದು ಕೂತಳು. "ಚೊಲೋ ಆತು," ಎಂದಳು. "ಮದಿವಿ ಆದಾಗಿಂದ ನೋಡೇನಿ. ಇದ್ದ ದನಿ ಎಲ್ಲಾ ಪ್ಯಾಟ್ಯಾಗ ಸುರುವಿ, ಖಾಲಿ ಚೀಲ ಆಗಿ ಮನಿಗೆ ಬರತಿದ್ರಿ. ಏನ ಕೇಳಿದ್ರೂ ಹೂಂ, ಇಲ್ಲಂದ್ರ ಊಂಹೂಂ. ಗಂಟಲ ನೋಯತೈತಿ ಅಂತ ನಾನೂ ಕೇಳೋದು ಬಿಟ್ಟೆ. ಇವತ್ತ ಮೊದಲ ಸಲ ದನಿ ಉಳಿಸ್ಕೊಂಡು ಬಂದೀರಿ. ಮಾತಾಡ್ರಿ."

ಮೊದಲು ಮಾರುಕಟ್ಟೆಯ ಸುದ್ದಿ ಹೇಳಿದೆ. ಆಮೇಲೆ ಅವಳ ಊರಿನ ಸುದ್ದಿ ಕೇಳಿದೆ. ಊಟ ಮುಗಿದು ತಾಟು ಒಣಗುವವರೆಗೂ ಮಾತಾಡುತ್ತ ಕೂತಿದ್ದೆವು. ಗಂಟಲು ನೋಯಲಿಲ್ಲ.